ಪ್ಲೇಟಿಗೆ ಸಿಕ್ಕ ಡೈನೋಸಾರ್ಸ್, ಸಿಗದ ಹ್ಯೂಮನ್ ಬಾಂಡೇಜ್

ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆಂದು ಕಂಪನಿಯೇ ನಡೆಸುತ್ತಿದ್ದ ರಾಕ್ ಸ್ಪರ್ಧೆಯೊಂದಿತ್ತು. ಅದರಲ್ಲಿ ಗೆದ್ದುಬಂದ ತಂಡಗಳ ಹಾಡುಗಳು ‘ಸಿಮ್ಲಾ ಬೀಟ್ 70’ ಎಂಬ ಎಲ್‌ಪಿಯಾಗಿ ಹೊರಬಂದವು. ಮದರಾಸಿನ ಕನ್‌ಫ್ಯೂಷನ್ಸ್, ಕಲ್ಕತ್ತೆಯ ಗ್ರೇಟ್ ಬೇರ್, ಶಿಲ್ಲಾಂಗಿನ ಫೆನ್‌ಟೋನ್ಸ್ ಜೊತೆ ಬೆಂಗಳೂರಿನ ಡೈನೋಸಾರ್ಸ್ ಕೂಡ ಅದರಲ್ಲಿದ್ದರು. ಅವರು ಆರಿಸಿಕೊಂಡದ್ದು ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ‘ಸಿನಿಸ್ಟರ್ ಪರ್ಪಸ್’. 1969ರಲ್ಲಿ ಅಲ್ಲಿ ಬಿಡುಗಡೆಯಾದ ಹಾಡು ಮರುವರ್ಷವೇ ಬೆಂಗಳೂರಿನ ಹುಡುಗರ ಕೈಗೆ ಕೂತಿತ್ತು.

ಇದನ್ನು ಬರೀ ನಕಲು ಎಂದು ತಳ್ಳಿಹಾಕುವುದು ಅನ್ಯಾಯ. ಆಗ ಆಮದಿನ ಮೇಲೆ ಬಿಗಿ ನಿರ್ಬಂಧ. ಒಳ್ಳೆಯ ಎಲೆಕ್ಟ್ರಿಕ್ ಗಿಟಾರು ಬೇಕೆಂದರೆ ವಿದೇಶದಿಂದ ಬರುವ ನೆಂಟರ ದಾರಿ ಕಾಯಬೇಕು. ಆಂಪ್ಲಿಫೈಯರನ್ನು ಊರಿನ ರೇಡಿಯೊ ಮೆಕ್ಯಾನಿಕ್ ಕೈಲೇ ಕಟ್ಟಿಸಿಕೊಳ್ಳಬೇಕು. ರೆಕಾರ್ಡ್ ಕಂಪನಿಗಳಿಗೋ ಸಿನಿಮಾ ಹಾಡುಗಳದ್ದೇ ವ್ಯಾಪಾರ. ಅಂಥ ಹೊತ್ತಿನಲ್ಲಿ ಒಂದು ಹಾಡು ಪ್ಲೇಟಿಗೆ ಇಳಿದದ್ದೇ ದೊಡ್ಡ ಸಂಗತಿ.

ಮರೆತುಹೋದ ಇಂಥ ತಂಡಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸ ಅಮೆರಿಕದ ತಂಡಗಳ ವಿಷಯದಲ್ಲಿ ಬೇಗ ಶುರುವಾಯಿತು. 1972ರಲ್ಲಿ ಲೆನ್ನಿ ಕೇ 27 ಹಾಡುಗಳನ್ನು ಆಯ್ದು ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿ ತಂದರು. ಮುಂದೆ ಇಂಗ್ಲೆಂಡಿನ ವರ್ನನ್ ಜಾಯ್ನ್‌ಸನ್ ‘ಫಜ್, ಆ್ಯಸಿಡ್ ಆಂಡ್ ಫ್ಲವರ್ಸ್’ ಎಂಬ ದಪ್ಪ ಪುಸ್ತಕವನ್ನೂ, ಸ್ವೀಡನ್ನಿನ ಪ್ಯಾಟ್ರಿಕ್ ಲುಂಡ್‌ಬೋರ್ಗ್ 2006ರಲ್ಲಿ ‘ದಿ ಆ್ಯಸಿಡ್ ಆರ್ಕೈವ್ಸ್’ ಅನ್ನೂ ಹೊರತಂದರು. ಭಾರತದ ಶಾಸ್ತ್ರೀಯ ಸಂಗೀತಕ್ಕೆ ಇಂಥದೇ ಉಪಕಾರ ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕಿನಿಯರ್. 1899ರಿಂದ 1908ರವರೆಗಿನ ಗ್ರಾಮಫೋನ್ ಕಂಪನಿಯ ಮುದ್ರಣಗಳನ್ನು ಅವರು ಪಟ್ಟಿ ಮಾಡಿದರು.

‘ಸಿಮ್ಲಾ ಬೀಟ್’ ಕೂಡ ಸಂಗ್ರಾಹಕರ ಕಣ್ಣಿಗೆ ಬಿತ್ತು, ಜರ್ಮನಿಯಲ್ಲಿ ಮರುಮುದ್ರಣವಾಯಿತು. ಹಾಗಾಗಿ ಹೈದರಾಬಾದಿನ ಕೊಂಡಾಪುರದ ಫ್ಲ್ಯಾಟಿನಲ್ಲಿ ಕೂತ ಕನ್ನಡಿಗರಿಗೂ ಡೈನೋಸಾರ್ಸ್ ಇವತ್ತು ಕೈಗೆ ಸಿಗುತ್ತಾರೆ.

ಪ್ಲೇಟು ಇಲ್ಲದವರ ಗತಿ? ಎಪ್ಪತ್ತರ ದಶಕದ ಬೆಂಗಳೂರು ರಾಕ್ ಎಂದರೆ ಹಳಬರ ಬಾಯಲ್ಲಿ ಬರುವ ಹೆಸರು ಹ್ಯೂಮನ್ ಬಾಂಡೇಜ್. ರಮೇಶ್ ಶೋತಂ ಡ್ರಮ್ಸ್, ಅವರ ಸಹೋದರ ಸುರೇಶ್ ಗಿಟಾರು. ರಾಧಾ ಥಾಮಸ್ ಕೂಡ ಹಾಡಿದ್ದರು. ವೇದಿಕೆಯ ಮೇಲೆ ಅಷ್ಟು ಹೆಸರು ಮಾಡಿದ ತಂಡ ಆಲ್ಬಂ ತರಲೇ ಇಲ್ಲ. ಒಂದೇ ಹಾಡಿನ ಡೈನೋಸಾರ್ಸ್‌ಗೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಸಂಗ್ರಾಹಕರ ಶ್ರಮ ಎಷ್ಟೇ ದೊಡ್ಡದಾದರೂ ಅವರ ಇತಿಹಾಸ ನಿಂತಿರುವುದು ಮುದ್ರಣವಾದದ್ದರ ಮೇಲೆ ಮಾತ್ರ. ರಮೇಶ್ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಕಲಿತರು, ಜರ್ಮನಿಗೆ ಹೋಗಿ ಜಾಸ್ ವಲಯದಲ್ಲಿ ಹೆಸರಾದರು. ಅಲ್ಲಿನ ಅವರ ಆಲ್ಬಂಗಳೆಲ್ಲ ಪಟ್ಟಿಗಳಲ್ಲಿವೆ. ಬೆಂಗಳೂರಿನ ಆ ಸಂಜೆಗಳಿಗೆ ಮಾತ್ರ ಇರುವ ದಾಖಲೆ ಹಳೆಯ ಫೋಟೊ, ಪೋಸ್ಟರು ಮತ್ತು ಕೇಳಿದವರ ನೆನಪು. ಆ ಕೇಳುಗರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತರ ಆಸುಪಾಸು.