ಬೇಸಿಗೆಯ ದಾರಿ ಮತ್ತು ಅರವಟ್ಟಿಗೆ

ಮೋಟಾರು ವಾಹನಗಳು ಬರುವ ಮುನ್ನ ಕರ್ನಾಟಕದ ಬಯಲುಸೀಮೆಯಲ್ಲಿ ಊರಿಂದೂರಿಗೆ ಓಡಾಡಲು ಬೇಸಿಗೆಯೇ ಹದವಾದ ಕಾಲವಾಗಿತ್ತು. ಸುಗ್ಗಿ ಮುಗಿದು ಹೊಲಗಳು ಬರಿದಾಗಿ, ಹಳ್ಳಗಳು ಬತ್ತಿ ಗಾಡಿಗಳಿಗೆ ದಾರಿ ಬಿಡುವ ಆ ತಿಂಗಳುಗಳಲ್ಲಿಯೇ ಜಾತ್ರೆ, ಮದುವೆ, ತೀರ್ಥಯಾತ್ರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಜನ ಹೆಚ್ಚಾಗಿ ಮನೆಯ ಹೊರಗಿರುವ ಕಾಲವೂ ಬಿಸಿಲು ಉಗ್ರವಾಗಿರುವ ಕಾಲವೂ ಹೀಗೆ ಒಂದೇ ಆಗಿದ್ದುದರಿಂದ, ದಾರಿಹೋಕನನ್ನು ದಾಹದಿಂದ ಉಳಿಸುವ ಹೊಣೆ ಅವನೊಬ್ಬನದಾಗಿರದೆ, ದಾರಿಯ ಮಗ್ಗುಲಿನ ಊರು, ಮಠ, ದೇವಸ್ಥಾನ ಮತ್ತು ಉಳ್ಳವರ ಮೇಲೆಯೂ ಬಿದ್ದಿತ್ತು. ಅರವಟ್ಟಿಗೆ, ಅಂದರೆ ಬೇಸಿಗೆಯಲ್ಲಿ ಹಣ ಪಡೆಯದೆ ನೀರು, ಮಜ್ಜಿಗೆ, ಪಾನಕಗಳನ್ನು ಕೊಡಲು ದಾರಿಬದಿಯಲ್ಲಿ ಹಾಕುವ ಚಪ್ಪರವು, ಈ ಹೊಣೆಗಾರಿಕೆಯ ಕಣ್ಣಿಗೆ ಕಾಣುವ ರೂಪವಾಗಿತ್ತು.

ಈ ಪದ್ಧತಿ ಬಹಳ ಹಳೆಯದು. ಈಗ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ಸ್ತಂಭದ ಮೇಲಿನ ಏಳನೆಯ ಶಾಸನದಲ್ಲಿ ಅಶೋಕನು, ಜನರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ್ದನ್ನೂ, ಬಾವಿ ತೋಡಿಸಿ ನೀರು ಕುಡಿಯುವ ತಾಣಗಳನ್ನು ಮಾಡಿಸಿದ್ದನ್ನೂ ಹೇಳಿ, ಇಂಥ ಸೌಕರ್ಯಗಳನ್ನು ಹಿಂದಿನ ಅರಸರೂ ಒದಗಿಸಿದ್ದರೆಂದು ಒಪ್ಪಿಕೊಳ್ಳುತ್ತಾನೆ. ತಮ್ಮ ಕೆಲಸವನ್ನು ಹೊಸದೆಂದು ಹೇಳಿಕೊಳ್ಳದ ಅರಸರು ಅಪರೂಪವಾದ್ದರಿಂದ ಈ ಮಾತಿಗೆ ಹೆಚ್ಚಿನ ಬೆಲೆಯಿದೆ. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು 13ನೆಯ ಶತಮಾನದಲ್ಲಿ ದಾನಗಳ ವಿಧಿಗಳನ್ನು ಸಂಗ್ರಹಿಸುವ ಹೊತ್ತಿಗೆ ಪ್ರಪಾದಾನ, ಅಂದರೆ ಅರವಟ್ಟಿಗೆ ಇಡಿಸುವುದು, ಶಾಸ್ತ್ರಸಮ್ಮತ ಪುಣ್ಯಕಾರ್ಯವಾಗಿತ್ತು. ಚಪ್ಪರ ಹಾಕಿಸಲು ಶಕ್ತಿಯಿಲ್ಲದವರು ದಿನಕ್ಕೊಂದು ಕೊಡ ತಣ್ಣೀರನ್ನು ದಾನ ಮಾಡುವ ಧರ್ಮಘಟವೆಂಬ ಸುಲಭದ ದಾರಿಯೂ ಇತ್ತು. ಅಕ್ಷಯ ತೃತೀಯೆಯಂದು ನೀರು ತುಂಬಿದ ಕೊಡವನ್ನು ಕೊಡುವ ಉದಕುಂಭದಾನವು ಇದೇ ಬಗೆಯ ಆಚಾರ.

ಪುಣ್ಯದ ಆಸೆಯಿಂದ ಚಪ್ಪರವೇನೋ ಏಳುತ್ತಿತ್ತು, ಆದರೆ ಎರಡು ಮೂರು ತಿಂಗಳು ದಿನವೂ ದೂರದ ಬಾವಿಯಿಂದ ನೀರು ಹೊತ್ತು ತರುವವನಿಗೆ ಕೂಲಿ ಬೇಕು. ಕನ್ನಡ ಶಾಸನಗಳಲ್ಲಿ ಅರವಟ್ಟಿಗೆಗೆಂದೇ ಭೂಮಿ ಬಿಟ್ಟ ಉಲ್ಲೇಖಗಳು ಸಿಗುವುದು ಈ ಕಾರಣದಿಂದ. ಅರವಟ್ಟಿಗೆಯ ಮುಖ್ಯ ಉಪಕರಣ ಮಣ್ಣಿನ ಹರವಿ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಳ್ಳುವುದರಿಂದ, ಕಲಬುರಗಿ, ರಾಯಚೂರುಗಳ ಒಣಗಾಳಿಯಲ್ಲಿ ಹರವಿಯ ನೀರು ಚೆನ್ನಾಗಿ ತಣ್ಣಗಾಗುತ್ತದೆ, ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ಆಗುವುದಿಲ್ಲ. ಬೆವರಿನೊಡನೆ ದೇಹ ಕಳೆದುಕೊಳ್ಳುವುದು ನೀರನ್ನು ಮಾತ್ರವಲ್ಲ, ಉಪ್ಪನ್ನೂ. ಉಪ್ಪು ಹಾಕಿದ ನೀರುಮಜ್ಜಿಗೆಯು ಎರಡನ್ನೂ ಮರಳಿ ಕೊಡುತ್ತದೆ, ಬೆಲ್ಲ, ನಿಂಬೆಹಣ್ಣು, ಏಲಕ್ಕಿಗಳ ಪಾನಕವು ದಣಿದವನಿಗೆ ಬೇಗ ಕಸುವು ತುಂಬುತ್ತದೆ. ರಾಮನವಮಿಯಂದು ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಹಂಚುವ ರೂಢಿಯನ್ನು ಹಿಂದಿನವರ ವೈದ್ಯವಿಜ್ಞಾನವೆಂದು ಕೊಂಡಾಡುವುದು ಅತಿಯಾದೀತು; ಚೈತ್ರದ ಬಿಸಿಲಿನಲ್ಲಿ ಏನು ಹಿತವೆಂಬುದು ಅನುಭವದಿಂದಲೇ ತಿಳಿದಿತ್ತು ಎಂದರೆ ಸಾಕು.

ಆದರೆ ಈ ಚಪ್ಪರದ ನೆರಳು ಎಲ್ಲರಿಗೂ ಸಮನಾಗಿರಲಿಲ್ಲ. ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುವ ಕ್ರಮವು ಎಂಜಲಿನ ಭಯವನ್ನು ತಪ್ಪಿಸುತ್ತಿತ್ತಾದರೂ, ಯಾರು ಹೊಯ್ಯಬೇಕು, ಯಾರು ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಸಾರ್ವಜನಿಕ ಬಾವಿ ಕೆರೆಗಳೂ ಮುಚ್ಚಿದ್ದವು. ಮಹಾಡದ ಚವದಾರ ಕೆರೆಯ ನೀರನ್ನು 1927ರ ಮಾರ್ಚ್ 20ರಂದು ಅಂಬೇಡ್ಕರರು ಅನುಯಾಯಿಗಳೊಡನೆ ಕುಡಿದದ್ದು ಈ ನಿಷೇಧದ ವಿರುದ್ಧವೇ, ಮತ್ತು ಸಂವಿಧಾನದ 15ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ತಾರತಮ್ಯವನ್ನು ತಡೆಯುತ್ತದೆ. ಅರವಟ್ಟಿಗೆಯ ಔದಾರ್ಯವನ್ನು ಮೆಚ್ಚಿ ಬರೆದವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ರೈಲು, ಬಸ್ಸುಗಳು ಬಂದು ಕಾಲ್ನಡಿಗೆಯ ಪಯಣ ಕುಗ್ಗಿದಂತೆ ದಾರಿಯ ಅರವಟ್ಟಿಗೆಗಳು ಪೇಟೆ, ನಿಲ್ದಾಣಗಳ ಕಡೆಗೆ ಸರಿದವು. ಬಾಟಲಿ ನೀರು ಬಂದ ಮೇಲೆ ದಾಹದ ಹೊಣೆ ಬಹುಮಟ್ಟಿಗೆ ಪ್ರಯಾಣಿಕನ ಜೇಬಿಗೆ ಸೇರಿತು. 2010ರ ಬಿಸಿಗಾಳಿಗೆ ಅಪಾರ ಸಾವುಗಳನ್ನು ಕಂಡ ಅಹಮದಾಬಾದು 2013ರಲ್ಲಿ ಶಾಖ ಕ್ರಿಯಾ ಯೋಜನೆಯನ್ನು ರೂಪಿಸಿದಾಗ, ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆಗಳ ಜೊತೆಗೆ ಕುಡಿಯುವ ನೀರಿನ ವ್ಯವಸ್ಥೆಯೂ ಅದರೊಳಗೆ ಬಂತು. ಕಲ್ಯಾಣ ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆಯೇ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಹೊಲ, ರಸ್ತೆ, ಕಟ್ಟಡಗಳಲ್ಲಿ ದುಡಿಯುವವರಿಗೆ ಅಂಥ ವೇಳಾಪಟ್ಟಿ ಇನ್ನೂ ದಕ್ಕಿಲ್ಲ.