ಒಂದಾಣೆಯ ತಿಂಡಿಯಿಂದ ಬಿಸಿಯೂಟದವರೆಗೆ

ಮದ್ರಾಸಿನ ಥೌಸಂಡ್ ಲೈಟ್ಸ್‌ನಲ್ಲಿದ್ದ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ತಿಂಡಿ ಕೊಡುವ ನಿರ್ಣಯ 1920ರಲ್ಲಿ ಪಾಸಾಯಿತು. ಮಗುವೊಂದಕ್ಕೆ ದಿನದ ಖರ್ಚು ಒಂದಾಣೆ ಮೀರಬಾರದೆಂಬ ಷರತ್ತಿತ್ತು. ಬಡವರ ಮಕ್ಕಳು ಪಾಠಕ್ಕೆ ಕೂರಬೇಕಾದರೆ ಮೊದಲು ಹೊಟ್ಟೆಗೆ ಬೀಳಬೇಕು ಎಂಬುದು ಜಸ್ಟೀಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ವಾದ. ತಿಂಡಿ ಇನ್ನೂ ನಾಲ್ಕು ಶಾಲೆಗಳಿಗೆ ಹಬ್ಬಿತು, ಹಾಜರಿ ಪುಸ್ತಕದಲ್ಲಿ ಹೆಸರುಗಳೂ ಹೆಚ್ಚಿದವು. ಆದರೆ ಶಿಕ್ಷಣದ ನಿಧಿ ಊಟಕ್ಕಲ್ಲ ಎಂದು ಬ್ರಿಟಿಷ್ ಸರ್ಕಾರ ತಕರಾರು ತೆಗೆಯಿತು. 1925ರಲ್ಲಿ ತಿಂಡಿ ನಿಂತಿತು.

ಆ ತಕರಾರಿಗೆ ಮಾತ್ರ ವಯಸ್ಸಾಗಿಲ್ಲ.

1956ರಲ್ಲಿ ಮುಖ್ಯಮಂತ್ರಿ ಕಾಮರಾಜ್ ಶಾಲೆಯ ಊಟವನ್ನು ಮತ್ತೆ ತಂದಾಗ ಊರವರ ದೇಣಿಗೆಯನ್ನೂ ನೆಚ್ಚಿಕೊಳ್ಳಬೇಕಾಯಿತು. 1982ರಲ್ಲಿ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ (ಎಂಜಿಆರ್) ಅದನ್ನು ಲಕ್ಷಾಂತರ ಮಕ್ಕಳಿಗೆ ವಿಸ್ತರಿಸಿದರು. ಖಜಾನೆ ಬರಿದಾಗುತ್ತದೆ, ಇದು ವೋಟಿಗಾಗಿ ಬಡಿಸುವ ಅನ್ನ ಎಂದು ಟೀಕಾಕಾರರು ಮುಗಿಬಿದ್ದರು. ವೋಟಿನ ಆಸೆ ಇರಲಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. 1989ರಲ್ಲಿ ಅವರ ಅಣ್ಣಾಡಿಎಂಕೆ ಪಕ್ಷದ ಎದುರಾಳಿ ಡಿಎಂಕೆ ಅಧಿಕಾರಕ್ಕೆ ಬಂತು. ಅದು ಎಂಜಿಆರ್ ಯೋಜನೆಯನ್ನು ಕೈಬಿಡಲಿಲ್ಲ; ಹದಿನೈದು ದಿನಕ್ಕೊಮ್ಮೆ ತಟ್ಟೆಗೊಂದು ಮೊಟ್ಟೆ ಸೇರಿಸಿತು! ಹೀಗೆ ಒಬ್ಬರ ಜನಪ್ರಿಯತೆಯ ತಂತ್ರ ಎರಡೂ ಪಕ್ಷಗಳ ಕರ್ತವ್ಯವಾಯಿತು.

2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಅದುವರೆಗೆ ಹಲವು ರಾಜ್ಯಗಳು ಮನೆಗೆ ಧಾನ್ಯ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಕರ್ನಾಟಕದಲ್ಲಿ ಎಸ್.ಎಂ. ಕೃಷ್ಣ ಸರ್ಕಾರದ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಇವತ್ತು ಬಿಸಿಯೂಟ ನಿಲ್ಲಿಸುತ್ತೇವೆಂದು ಪ್ರಣಾಳಿಕೆಯಲ್ಲಿ ಬರೆಯುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ.

ಜಗಳ ಈಗ ತಟ್ಟೆಯೊಳಕ್ಕೆ ಇಳಿದಿದೆ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಶಾಲೆಯ ಊಟಕ್ಕೆ ‘ಪಿಎಂ ಪೋಷಣ್’ ಎಂದು ಹೆಸರಿಟ್ಟಿತ್ತು. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ‘ರೇವಡಿ ಸಂಸ್ಕೃತಿ’ಯನ್ನು, ಅಂದರೆ ವೋಟಿಗಾಗಿ ಬಿಟ್ಟಿ ಹಂಚುವುದನ್ನು, ಖಂಡಿಸಿದರು. ತಾವು ಕೊಟ್ಟರೆ ಕಲ್ಯಾಣ, ಎದುರಾಳಿ ಕೊಟ್ಟರೆ ಬಿಟ್ಟಿ ಭಾಗ್ಯ. ಈ ಲೆಕ್ಕದಲ್ಲಿ ಎಲ್ಲ ಪಕ್ಷಗಳೂ ಪಳಗಿವೆ.

ಉಣ್ಣುವ ಮಕ್ಕಳ ಬಗ್ಗೆ ಇಷ್ಟು ವಾದ ಮಾಡಿದವರು ಬೇಯಿಸುವ ಹೆಂಗಸರ ಬಗ್ಗೆ ಅಷ್ಟಾಗಿ ಮಾತಾಡಲಿಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಅಡುಗೆಯವರಿಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳಿಗೆ ಮಾತ್ರ.