ತಾರಾಪುರದ ಇಂಧನ ವಿವಾದ: ಎರಡನೆಯ ವಿಧಿಯ ಪುನರ್ವಿಚಾರ

ತಾರಾಪುರದ ಅಣುವಿದ್ಯುತ್ ಕೇಂದ್ರಕ್ಕೆ ಅಮೆರಿಕವು ಇಂಧನವನ್ನು ತಡೆದುದು 1974ರ ಪೋಖ್ರಾನ್ ಸ್ಫೋಟಕ್ಕಾಗಿ ವಿಧಿಸಿದ ದಂಡವೆಂದೂ, 1982ರಲ್ಲಿ ಫ್ರಾನ್ಸ್ ಮುಂದೆ ಬಂದೊಡನೆ ಆ ಕೇಂದ್ರದ ಸಲುವಾಗಿ ಭಾರತ–ಅಮೆರಿಕಗಳು ಮಾಡಿಕೊಂಡಿದ್ದ 1963ರ ಒಪ್ಪಂದವು ಅಸ್ತಂಗತವಾಯಿತೆಂದೂ ಹಿಂದಿನವರು ಬರೆದುದನ್ನು ಇಂದಿನವರು ವಿಚಾರಿಸದೆ ಪುನರುಚ್ಚರಿಸುತ್ತಿದ್ದಾರೆ. ಮೊದಲನೆಯದು ಅರ್ಧಸತ್ಯ, ಎರಡನೆಯದು ಅಷ್ಟೂ ಅಲ್ಲ.

ಪೋಖ್ರಾನಿಗೆ ಒದಗಿದ ಪ್ಲುಟೋನಿಯಂ ಮುಂಬಯಿಯ ಪೂರ್ವದಂಚಿನ ಟ್ರಾಂಬೆಯಲ್ಲಿ ಕೆನಡಾದ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನದೇ ಹೊರತು, ನಗರದಿಂದ ಉತ್ತರಕ್ಕೆ ನೂರು ಕಿಲೋಮೀಟರಿನಷ್ಟು ದೂರದ ತಾರಾಪುರದ್ದಲ್ಲ. (ಆ ಪ್ರಯೋಗದ ಮುಂದಾಳು, ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣನವರಲ್ಲಿ ನನಗಿರುವ ಅಭಿಮಾನ ಯಾರಿಗೂ ಕಡಮೆಯದಲ್ಲ, ಆದರೆ ಅಭಿಮಾನವು ಕಾಲಾನುಕ್ರಮವನ್ನು ತಿದ್ದಲಾರದು.) ಸ್ಫೋಟದ ಅನಂತರವೂ, ತಡವಾಗಿಯಾದರೂ, ಅಮೆರಿಕದ ಯುರೇನಿಯಂ ಬರುತ್ತಲೇ ಇದ್ದಿತು. ನಿಜವಾದ ಬಿಕ್ಕಟ್ಟು ಹುಟ್ಟಿದುದು, ಸ್ವೀಕರಿಸುವ ದೇಶದ ಸಮಸ್ತ ಅಣುಸ್ಥಾವರಗಳೂ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡಬೇಕೆಂದು ವಿಧಿಸಿದ ಅಮೆರಿಕದ 1978ರ ಕಾಯಿದೆಯಿಂದ.

ಈಗ 1963ರ ಒಪ್ಪಂದದ ಎರಡನೆಯ ವಿಧಿ. ತಾರಾಪುರಕ್ಕೆ ಬೇಕಾದ ಸಂವರ್ಧಿತ ಯುರೇನಿಯಮ್ಮನ್ನೆಲ್ಲ ಅಮೆರಿಕವು ಮಾರತಕ್ಕದ್ದು, ಭಾರತವು ಕೊಳ್ಳತಕ್ಕದ್ದು. ಅಲ್ಲಿಯೇ ಉತ್ಪನ್ನವಾಗುವ ದ್ರವ್ಯವನ್ನು ಬಿಟ್ಟರೆ ಅನ್ಯದೇಶದ ಇಂಧನದಿಂದ ಆ ಕೇಂದ್ರವನ್ನು ನಡೆಸಕೂಡದು. ಇದು ನಮ್ಮನ್ನು ಮಾತ್ರ ಬಿಗಿದ ಕಟ್ಟೆಂದು ನಮ್ಮ ವಿಮರ್ಶಕರು ಹಲುಬುವರು. ಆದರೆ ಕೊಳ್ಳುವವನು ಬೇರೆ ಅಂಗಡಿಗೆ ಹೋಗಲಾರನೆಂದಾದರೆ, ಮಾರುವವನೂ ಬಾಗಿಲು ಮುಚ್ಚಲಾರನಷ್ಟೆ! ಪೂರೈಕೆ ನಿಂತರೆ ತಪಾಸಣೆಯ ಹೊಣೆಯಿಂದ ತಾನೂ ಮುಕ್ತನೆಂಬ ಭಾರತದ ವಾದಕ್ಕೆ ಬಲ ಬಂದುದು ಇಲ್ಲಿಂದಲೇ.

ವಾಷಿಂಗ್ಟನ್ನಿನ ಒಳಜಗಳವು ಇದಕ್ಕೆ ಸಾಕ್ಷಿ. 1980ರ ಮೇ ತಿಂಗಳಲ್ಲಿ ಅಲ್ಲಿಯ ಅಣು ನಿಯಂತ್ರಣ ಆಯೋಗವು 38 ಟನ್ ಇಂಧನದ ರಫ್ತನ್ನು ಒಮ್ಮತದಿಂದ ನಿರಾಕರಿಸಿತು. ಅಧ್ಯಕ್ಷ ಕಾರ್ಟರ್ ಅದನ್ನು ಮೀರಿ ಅನುಮತಿಯಿತ್ತರು. ಪ್ರತಿನಿಧಿ ಸಭೆಯು ವಿರೋಧಿಸಿತು. ಸೆಪ್ಟೆಂಬರಿನಲ್ಲಿ ಸೆನೆಟ್ 48–46ರ ಅಂತರದಿಂದ ಅಧ್ಯಕ್ಷರನ್ನು ಉಳಿಸಿತು. ಈ ಮತವನ್ನು ಕೇವಲ ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದುದರ ಭೀತಿಯ ಫಲವೆನ್ನುವುದು ಸುಲಭ, ಆ ಭೀತಿ ಇದ್ದುದೂ ದಿಟ. ಆದರೂ ಒಪ್ಪಂದವನ್ನು ಮುರಿದರೆ ಭಾರತವು ತಪಾಸಣೆಯನ್ನು ಕಳಚಿಕೊಂಡೀತೆಂಬ ವಾದವನ್ನು ಅಲ್ಲಿ ಸ್ಪಷ್ಟವಾಗಿ ಮುಂದಿಟ್ಟಿದ್ದರು. ಅದನ್ನು ಬಿಟ್ಟು ಓದುವುದು ಆಲಸ್ಯವೆಂದಲ್ಲದೆ ಮತ್ತೇನೆನ್ನಲಿ?

1982ರ ಜುಲೈಯಲ್ಲಿ ಇಂದಿರಾ ಗಾಂಧಿಯವರು ವಾಷಿಂಗ್ಟನ್ನಿಗೆ ಹೋದಾಗ ರೇಗನ್ನರೊಡನೆ ಒದಗಿದ ಒಡಂಬಡಿಕೆಯನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ಇಂಧನವು ಫ್ರಾನ್ಸಿನಿಂದ, ಚೌಕಟ್ಟು 1963ರದೇ, ತಪಾಸಣೆಯು 1971ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯನ್ನು ಒಳಗೊಂಡು ಆದ ತ್ರಿಪಕ್ಷೀಯ ಕರಾರಿನಂತೆಯೇ. ಅಮೆರಿಕವು ತನ್ನ ಕಾಯಿದೆಯನ್ನು ಬಿಡಲಿಲ್ಲ, ಭಾರತವು ತನ್ನ ಸ್ಥಾವರಗಳೆಲ್ಲವನ್ನೂ ತೆರೆಯಲಿಲ್ಲ, ಒಪ್ಪಂದವನ್ನೂ ಯಾರೂ ಹರಿಯಲಿಲ್ಲ. ಉರಿದ ಇಂಧನದ ಪುನಸ್ಸಂಸ್ಕರಣಕ್ಕೆ ಉಭಯರೂ ಕೂಡಿ ನಿರ್ಣಯಿಸಬೇಕೆಂಬ ಅಂಶದ ಜಗಳವು ಮಾತ್ರ ತೀರದೆ ಉಳಿಯಿತು. ಆದರೆ ಜೀವಂತ ಒಪ್ಪಂದದ ಕುರಿತಲ್ಲದೆ ಮೃತವಾದುದರ ಕುರಿತು ಹೀಗೆ ವರ್ಷಾಂತರಗಳ ಕಾಲ ಯಾರೂ ವಾದಿಸರು.

ಹತ್ತೊಂಬತ್ತು ವರ್ಷಕ್ಕೇ ತೀರಿತೆನ್ನಲಾದ ಆ ಒಪ್ಪಂದವು ತನ್ನ ಅವಧಿಯನ್ನು ಪೂರ್ಣವಾಗಿ ಕಳೆದು, 1993ರ ಅಕ್ಟೋಬರಿನಲ್ಲಿ ಮುಗಿಯಿತು.